ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಏನು ಬರೆಸಿದಿರಿ?

ನಮ್ಮ ಅಣ್ಣನ ಆಸ್ಪತ್ರೆ ಚೀಟಿಯಲ್ಲಿ ಹೀಗೆ ಬರೆದಿದೆ: ಮನೆಯಲ್ಲಿ ಮೇವು ಕತ್ತರಿಸುವ ಮೆಷಿನ್‌ಗೆ ಬಲಗೈ ಸಿಕ್ಕಿ ಎರಡು ಬೆರಳು ತುಂಡಾಗಿವೆ. ನಮ್ಮ ಮನೆಯಲ್ಲಿ ಮೇವು ಕತ್ತರಿಸುವ ಮೆಷಿನ್ನೇ ಇಲ್ಲ. ಇದ್ದ ಒಂದು ಹಸುವನ್ನೂ ಮಾರಿ ಆಗಲೇ ಎರಡು ವರ್ಷ ಆಗಿತ್ತು.

ಬೆರಳು ಹೋಗಿದ್ದು ಮೈಸೂರಿನ ಒಂದು ಇಂಡಸ್ಟ್ರಿಯಲ್ ಏರಿಯಾದಲ್ಲಿ, ಏಳು ಜನ ಕೆಲಸ ಮಾಡುವ ಸಣ್ಣ ವರ್ಕ್‌ಶಾಪ್‌ನಲ್ಲಿ, ತಗಡು ಒತ್ತಿ ಪೀಸ್ ಮಾಡುವ ಪವರ್ ಪ್ರೆಸ್ ಕೆಳಗೆ. 2021ನೇ ಇಸವಿ. ನಮ್ಮದು ಪಾಂಡವಪುರ ಕಡೆ ಹಳ್ಳಿ, ಅಣ್ಣ ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಪ್ರೆಸ್ಸಿಗೆ ಮುಂದೆ ಒಂದು ಗಾರ್ಡ್ ಇರಬೇಕು, ಕೈ ಒಳಗೆ ಹೋಗದ ಹಾಗೆ. ಗಂಟೆಗೆ ಪೀಸ್ ಜಾಸ್ತಿ ಬರಲಿ ಅಂತ ಅದನ್ನು ಬಿಚ್ಚಿಟ್ಟು ಆರು ತಿಂಗಳಾಗಿತ್ತು. ಆವತ್ತು ಸಂಜೆ ಡೈ, ಅಂದರೆ ಅಚ್ಚಿನ ಮೇಲೆ ಅಂಟಿಕೊಂಡಿದ್ದ ಪೀಸ್ ತೆಗೆಯಲು ಕೈ ಹಾಕಿದಾಗ ಪ್ರೆಸ್ ಇಳಿಯಿತು. ತೋರುಬೆರಳು, ನಡುಬೆರಳು ಎರಡೂ ಬುಡದಿಂದಲೇ ಹೋದವು.

ಓನರ್ ತಾನೇ ಕಾರಿನಲ್ಲಿ ಹಾಕಿಕೊಂಡು ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದರು. ಅಡ್ವಾನ್ಸ್ ಕಟ್ಟಿದರು. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಆದರೆ ದಾರಿಯಲ್ಲಿ ಒಂದು ಮಾತು ಹೇಳಿದರು. 'ಫ್ಯಾಕ್ಟರೀಲಿ ಆಯ್ತು ಅಂದ್ರೆ ಪೊಲೀಸ್ ಕೇಸ್ ಆಗುತ್ತೆ, ಟ್ರೀಟ್‌ಮೆಂಟ್ ಲೇಟಾಗುತ್ತೆ. ಮನೇಲಿ ಆಯ್ತು ಅಂತ ಹೇಳಪ್ಪ, ಖರ್ಚೆಲ್ಲ ನಾನ್ ನೋಡ್ಕೋತೀನಿ.' ಅಣ್ಣ ಹೂಂ ಅಂದ. ಟವೆಲ್ ತುಂಬ ರಕ್ತ ಹಿಡಿದುಕೊಂಡು ಕೂತವನು ಇನ್ನೇನು ಹೇಳಬೇಕಿತ್ತು? ನಾನು ಆ ಜಾಗದಲ್ಲಿದ್ದರೂ ಹೂಂ ಅನ್ನುತ್ತಿದ್ದೆ.

ಆ ಒಂದು ಹೂಂ ನಮಗೆ ಮೂರು ವರ್ಷ ತಿಂದಿತು. ಅದಕ್ಕೇ ಈ ವಿಡಿಯೋ ಮಾಡುತ್ತಿದ್ದೇನೆ.

ಮೊದಲು ಆ ಮಾತೇ ಸುಳ್ಳು ಅನ್ನುವುದು ಗೊತ್ತಿರಲಿ. ಪೊಲೀಸ್ ಕೇಸ್ ಅಂತ ಹೇಳಿ ತುರ್ತು ಚಿಕಿತ್ಸೆ ತಡ ಮಾಡುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ, ಸರ್ಕಾರಿ ಆಸ್ಪತ್ರೆಯಾದರೂ ಅಷ್ಟೇ, ಖಾಸಗಿಯಾದರೂ ಅಷ್ಟೇ. ಡಾಕ್ಟರ್ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅಂತ ಬರೆದುಕೊಳ್ಳುತ್ತಾರೆ, ಸ್ಟೇಷನ್‌ಗೆ ತಿಳಿಸುತ್ತಾರೆ, ಆ ಕಡೆ ಚಿಕಿತ್ಸೆ ನಡೆಯುತ್ತಲೇ ಇರುತ್ತದೆ. ಆ ಎಂಎಲ್‌ಸಿ ಕಾಗದವೇ ಮುಂದೆ ನಿಮ್ಮ ದೊಡ್ಡ ಸಾಕ್ಷಿ. 'ಕೆಲಸದ ಜಾಗದಲ್ಲಿ, ಇಂಥ ಮೆಷಿನ್‌ನಲ್ಲಿ, ಇಷ್ಟು ಹೊತ್ತಿಗೆ' ಎಂಬ ಒಂದು ಸಾಲು ಸಾಕು. ನೋವಿನಲ್ಲಿರುವವರಿಗೆ ಇದೆಲ್ಲ ಹೊಳೆಯುವುದಿಲ್ಲ. ಜೊತೆಯಲ್ಲಿ ಹೋದವರು ನೋಡಿಕೊಳ್ಳಬೇಕು. ಚೀಟಿ ಕೈಗೆ ಬಂದ ತಕ್ಷಣ ಓದಿ, ಇಂಗ್ಲಿಷ್ ಬಾರದಿದ್ದರೆ ನರ್ಸ್ ಹತ್ತಿರ ಓದಿಸಿ, ತಪ್ಪಿದ್ದರೆ ಅಲ್ಲೇ ತಿದ್ದಲು ಕೇಳಿ.

ಇನ್ನು ಮನೆಯವರ ಮಾತಿಗೆ ಬರುತ್ತೇನೆ. ನಮ್ಮ ಕಡೆ ಜನಕ್ಕೆ ದಾಕ್ಷಿಣ್ಯ ಜಾಸ್ತಿ. ಕ್ಲೇಮ್ ಹಾಕೋಣ ಅಂದಾಗ ನಮ್ಮ ಅಮ್ಮನೇ ಮೊದಲು ಅಡ್ಡ ಬಂದಿದ್ದು. 'ಉಂಡ ಮನೆಗೆ ಎರಡು ಬಗೀಬಾರದು ಕಣಪ್ಪ, ಆಸ್ಪತ್ರೆಗೆ ಕಟ್ಟಿದ್ದಾರಲ್ಲ' ಅಂದರು. ನಾನು ಅಮ್ಮನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪರಿಹಾರ ಕೇಳುವುದು ಎರಡು ಬಗೆಯುವುದಲ್ಲ. ಓನರ್ ತಪ್ಪು ಮಾಡಿದರು ಎಂದು ಸಾಬೀತು ಮಾಡುವ ಅಗತ್ಯವೂ ಈ ಕಾನೂನಿನಲ್ಲಿ ಇಲ್ಲ. ಕೆಲಸದಲ್ಲಿದ್ದಾಗ, ಕೆಲಸದ ಕಾರಣಕ್ಕೆ ಪೆಟ್ಟಾಯಿತು ಅಂದರೆ ಪರಿಹಾರ ಕೊಡಬೇಕು, ಅಷ್ಟೇ. ನೌಕರರ ಪರಿಹಾರ ಕಾಯ್ದೆ ಅಂತ 1923ರಿಂದ ಬಂದ ಕಾನೂನು ಇದು. ಗಾಂಧೀಜಿ ಬೆಳಗಾವಿ ಅಧಿವೇಶನಕ್ಕೆ ಬರುವ ಮುಂಚಿನದು. ನೂರು ವರ್ಷದಿಂದ ಇರುವ ಹಕ್ಕನ್ನು ಕೇಳಲು ನಮಗೆ ಇವತ್ತಿಗೂ ನಾಚಿಕೆ, ಅದು ನನಗೆ ತುಂಬ ಬೇಜಾರು ಮಾಡುತ್ತದೆ.

ಎಷ್ಟೋ ಓನರ್‌ಗಳು ಇದಕ್ಕೆ ಅಂತಲೇ ಇನ್ಶೂರೆನ್ಸ್ ಮಾಡಿಸಿರುತ್ತಾರೆ. ನಮ್ಮ ಕೇಸಿನಲ್ಲೂ ಪಾಲಿಸಿ ಇತ್ತು! ಅದು ಗೊತ್ತಾಗಿದ್ದು ಕೋರ್ಟಿನಲ್ಲಿ. ಮೊದಲ ದಿನವೇ ನಿಜ ಬರೆಸಿದ್ದರೆ ದುಡ್ಡು ಇನ್ಶೂರೆನ್ಸ್ ಕಂಪನಿಯಿಂದ ಬರುತ್ತಿತ್ತು, ಓನರ್ ಜೇಬಿಗೆ ಕೈ ಹಾಕುವ ಹಾಗೇ ಇರಲಿಲ್ಲ. ಇನ್‌ಸ್ಪೆಕ್ಟರ್ ಬಂದು ಗಾರ್ಡ್ ಎಲ್ಲಿ ಅಂತ ಕೇಳುತ್ತಾರೆ ಅನ್ನುವ ಭಯಕ್ಕೆ ಅವರು ಸುಳ್ಳು ಬರೆಸಿದರು. ಕೊನೆಗೆ ಆ ಸುಳ್ಳನ್ನೇ ಹಿಡಿದುಕೊಂಡು ಇನ್ಶೂರೆನ್ಸ್ ಕಂಪನಿ ವಕೀಲರು 'ಇದು ಫ್ಯಾಕ್ಟರಿಯಲ್ಲಿ ಆಗಿದ್ದಲ್ಲ, ಮನೆಯಲ್ಲಿ ಆಗಿದ್ದು, ಆಸ್ಪತ್ರೆ ದಾಖಲೆಯೇ ಇದೆ' ಎಂದು ನಿಂತರು.

ಕ್ಲೇಮ್ ಎಲ್ಲಿ ಹಾಕಬೇಕು ಅನ್ನುವುದರಲ್ಲಿ ಎಲ್ಲರಿಗೂ ಗೊಂದಲ. ನಿಮಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ ಇದೆಯಾ ಅನ್ನುವುದನ್ನು ಮೊದಲು ನೋಡಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ, ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ ಇರಬೇಕು. ಇದ್ದರೆ ಓನರ್ ಮೇಲೆ ಬೇರೆ ಪರಿಹಾರದ ಕೇಸ್ ಹಾಕಲು ಬರುವುದಿಲ್ಲ, ಇಎಸ್‌ಐನಿಂದಲೇ ತಗೋಬೇಕು. ಅದು ಕಡಿಮೆ ಏನಲ್ಲ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಶೇಕಡ 90, ಬೆರಳು, ಕೈ, ಕಣ್ಣು ಶಾಶ್ವತವಾಗಿ ಹೋದರೆ ಮೆಡಿಕಲ್ ಬೋರ್ಡ್ ಹೇಳಿದ ಪ್ರಮಾಣಕ್ಕೆ ತಕ್ಕ ಹಾಗೆ ಜೀವ ಇರುವವರೆಗೂ ತಿಂಗಳು ತಿಂಗಳು ದುಡ್ಡು. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಸಿಗುತ್ತದೆ. ಆದರೆ ಅಪಘಾತದ ವರದಿ ಕಂಪನಿಯಿಂದ ಇಎಸ್‌ಐ ಆಫೀಸಿಗೆ ಹೋಗಿರಬೇಕು. ಮೈಸೂರಿನ ಕೆಆರ್‌ಎಸ್ ರಸ್ತೆಯ ಇಎಸ್‌ಐ ಆಸ್ಪತ್ರೆಗೆ ಹೋಗಿ ಬ್ಯಾಂಡೇಜ್ ಕಟ್ಟಿಸಿಕೊಂಡು ಬಂದು, ವರದಿ ಹೋಗಿದೆಯಾ ಅಂತ ಯಾರೂ ಕೇಳದೆ ಸುಮ್ನೆ ಕೂತುಬಿಡುತ್ತಾರೆ. ಕೇಳಿ, ಕಾಪಿ ಇಟ್ಟುಕೊಳ್ಳಿ.

ನಮ್ಮ ಅಣ್ಣನ ವರ್ಕ್‌ಶಾಪ್‌ನಲ್ಲಿ ಇದ್ದಿದ್ದು ಏಳೇ ಜನ. ಇಎಸ್‌ಐ ಇಲ್ಲ. ಆಗ ಬರುವುದೇ ಈ ಪರಿಹಾರದ ಕಾಯ್ದೆ.

ಲೆಕ್ಕ ಹೇಗೆ ಅಂದರೆ, ವಯಸ್ಸಿಗೆ ಒಂದೊಂದು ಸಂಖ್ಯೆ ಕಾಯ್ದೆಯ ಪಟ್ಟಿಯಲ್ಲೇ ಇದೆ. ಅಣ್ಣನಿಗೆ ಆಗ 35, ಆ ವಯಸ್ಸಿಗೆ 197.06. ಸಂಬಳ 15,000. ಅದರ ಶೇಕಡ 60 ಅಂದರೆ 9,000. 9,000ವನ್ನು 197.06ರಿಂದ ಗುಣಿಸಿದರೆ 17,73,540. ಇದು ಮನುಷ್ಯ ಯಾವ ಕೆಲಸಕ್ಕೂ ಆಗದ ಹಾಗೆ ಆದರೆ ಸಿಗುವ ಮೊತ್ತ. ಒಂದು ಕೈಯ ಎರಡು ಬೆರಳು ಹೋದರೆ ಪಟ್ಟಿಯ ಪ್ರಕಾರ ಶೇಕಡ 20, ಅಂದರೆ 3,54,708 ರೂಪಾಯಿ. ಹೆಬ್ಬೆರಳು ಹೋದರೆ ಶೇಕಡ 30, ನಾಲ್ಕು ಬೆರಳು ಹೋದರೆ 50. ಚಿಕಿತ್ಸೆಗೆ ನಿಜವಾಗಿ ಆದ ಖರ್ಚು ಇದರ ಮೇಲೆ ಬೇರೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡ 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ಸತಾಯಿಸಿದರೆ ಓನರ್‌ಗೆ ಅಸಲಿನ ಅರ್ಧದವರೆಗೂ ದಂಡ ಹಾಕಬಹುದು.

ಈ ಲೆಕ್ಕದಲ್ಲಿ ಸಂಬಳ ಎಷ್ಟು ಮುಖ್ಯ ನೋಡಿ. ಓನರ್ ಕೋರ್ಟಿಗೆ ತಂದ ರಿಜಿಸ್ಟರ್‌ನಲ್ಲಿ ಅಣ್ಣನ ಸಂಬಳ 9,000 ಅಂತ ಇತ್ತು. ಅದನ್ನೇ ಹಿಡಿದಿದ್ದರೆ ಪರಿಹಾರ 2,12,824ಕ್ಕೆ ಇಳಿಯುತ್ತಿತ್ತು. ಒಂದು ಲಕ್ಷದ ನಲವತ್ತು ಸಾವಿರದ ಮೇಲೆ ಹೋಗುತ್ತಿತ್ತು, ಬರೀ ಒಂದು ಸಂಖ್ಯೆಗೆ. ಉಳಿಸಿದ್ದು ಫೋನ್‌ಪೇ. ತಿಂಗಳು ತಿಂಗಳು 15,000 ಬಂದಿದ್ದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಾಲಾಗಿ ಇತ್ತು. ಸಂಬಳವನ್ನು ಕ್ಯಾಶ್‌ನಲ್ಲಿ ತಗೊಳ್ಳುವವರು ದಯವಿಟ್ಟು ಅಕೌಂಟಿಗೆ ಹಾಕಿಸಿಕೊಳ್ಳಿ. ಸಂಬಳ 15,000ಕ್ಕಿಂತ ಜಾಸ್ತಿ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. 2020ರ ಜನವರಿಗೆ ಮುಂಚೆ ಅದೂ 8,000 ಇತ್ತು. ನನ್ನ ಪ್ರಕಾರ ಈ ಮಿತಿ ಇರುವುದೇ ಅನ್ಯಾಯ. 25,000 ದುಡಿಯುವ ಕೈಗೂ 15,000ದ ಬೆಲೆ ಕಟ್ಟುವುದು ಯಾವ ಲೆಕ್ಕ?

ಪಟ್ಟಿಯಲ್ಲಿರುವ ಶೇಕಡಾವಾರೇ ಕೊನೆಯ ಮಾತು ಅಂದುಕೊಳ್ಳಬೇಡಿ. ಎಡಗೈ ಮೊಣಕೈ ಮೇಲೆ ಕತ್ತರಿಸಿಹೋದ ಒಬ್ಬ ಬಡಗಿಯ ಕೇಸಿನಲ್ಲಿ, ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲು ಆಗುವುದಿಲ್ಲ, ಹಾಗಾಗಿ ಪೂರ್ತಿ ನಷ್ಟ ಎಂದು ಸುಪ್ರೀಂ ಕೋರ್ಟ್ 1975ರಲ್ಲಿ ಒಪ್ಪಿದೆ. ನಿಮ್ಮ ಕೆಲಸ ಏನು, ಆ ಅಂಗ ಇಲ್ಲದೆ ಅದನ್ನು ಮಾಡಲು ಆಗುತ್ತದಾ ಅನ್ನುವುದನ್ನು ವಕೀಲರಿಗೆ ಬಿಡಿಸಿ ಹೇಳಿ.

ಈಗ ರಾಜಿ ಪಂಚಾಯ್ತಿ. ಡಿಸ್ಚಾರ್ಜ್ ಆಗಿ ಹದಿನೈದು ದಿನಕ್ಕೆ ಓನರ್ ಕಡೆಯವರು ಇಬ್ಬರು ಮನೆಗೆ ಬಂದರು, ಹಣ್ಣು ತಂದಿದ್ದರು, ಜೊತೆಗೆ ಛಾಪಾ ಕಾಗದ. 'ಐವತ್ತು ಸಾವಿರ ಪಡೆದಿದ್ದೇನೆ, ಮುಂದೆ ಯಾವ ತಕರಾರೂ ಇಲ್ಲ' ಎಂದು ಬರೆದಿತ್ತು. ಅಣ್ಣ ಎಡಗೈ ಹೆಬ್ಬೆಟ್ಟು ಒತ್ತಿದ. ಓದು ಬರಹ ಬರುವ ಮನುಷ್ಯ, ಬಲಗೈಗೆ ಬ್ಯಾಂಡೇಜ್ ಇತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೀಗೆ ಸಹಿ ಹಾಕಿ ಕೂತಿರುವ ಎಷ್ಟೋ ಜನ 'ಇನ್ನೇನು ಮುಗಿದುಹೋಯ್ತು' ಅಂದುಕೊಂಡಿದ್ದಾರೆ. ಮುಗಿದಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡುವ ಯಾವ ಒಪ್ಪಂದವೂ ಕಾನೂನಿನಲ್ಲಿ ನಿಲ್ಲುವುದಿಲ್ಲ. ಸಾವಾಗಿದ್ದರಂತೂ ದುಡ್ಡನ್ನು ಕಾನೂನಿನ ಪ್ರಕಾರ ಪರಿಹಾರದ ಕೇಸ್ ನೋಡುವ ಅಧಿಕಾರಿಯ ಹತ್ತಿರವೇ ಕಟ್ಟಬೇಕು, ಮನೆಯವರ ಕೈಗೆ ಕೊಟ್ಟು ಬರೆಸಿಕೊಂಡರೆ ಪರಿಹಾರ ಕೊಟ್ಟ ಹಾಗೆ ಆಗುವುದಿಲ್ಲ. ಆದರೆ ಅಪಘಾತ ಆದ ಎರಡು ವರ್ಷದ ಒಳಗೆ ಕ್ಲೇಮ್ ಹಾಕಬೇಕು. ತಡವಾದರೆ ಕಾರಣ ಹೇಳಿ ಒಪ್ಪಿಸಬೇಕಾಗುತ್ತದೆ, ಆ ಪಾಡು ಯಾಕೆ?

ಕೋರ್ಟಿನಲ್ಲಿ ಇನ್ನೊಂದು ಮಾತು ಬಂತು. 'ಗಾರ್ಡನ್ನು ಕೆಲಸಗಾರನೇ ಬಿಚ್ಚಿದ್ದು' ಅಂತ. ಇದು ಗಟ್ಟಿ ವಾದ, ಹಗುರವಾಗಿ ತಗೋಬೇಡಿ. ಬೇಕೆಂದೇ ಸುರಕ್ಷತಾ ಸಾಧನ ತೆಗೆದಿದ್ದರೆ, ಕುಡಿದು ಕೆಲಸ ಮಾಡಿ ಅದರಿಂದಲೇ ಪೆಟ್ಟಾಗಿದ್ದರೆ ಪರಿಹಾರ ತಪ್ಪಬಹುದು. ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆದಾಗ ಮಾತ್ರ ಆ ವಾದ ನಡೆಯುವುದಿಲ್ಲ. ನಮ್ಮನ್ನು ಕಾಪಾಡಿದ್ದು ಒಂದು ವಾಟ್ಸಾಪ್ ಮೆಸೇಜ್. ಅಪಘಾತದ ಮಾರನೇ ಬೆಳಿಗ್ಗೆ ಸೂಪರ್‌ವೈಸರ್ ಕೆಲಸದ ಗ್ರೂಪ್‌ನಲ್ಲಿ ಹಾಕಿದ್ದರು: 'ಮೂರನೇ ಪ್ರೆಸ್ ಯಾರೂ ಮುಟ್ಟಬೇಡಿ, ಗಾರ್ಡ್ ಹಾಕಿಸ್ತಿದೀವಿ.' ಅಷ್ಟೇ. ಅಪಘಾತ ಎಲ್ಲಿ ಆಯಿತು, ಗಾರ್ಡ್ ಇತ್ತಾ ಇರಲಿಲ್ವಾ, ಎಲ್ಲ ಆ ಒಂದು ಸಾಲಿನಲ್ಲಿತ್ತು. ಜೊತೆಗೆ ಅಷ್ಟೊತ್ತಿಗೆ ಕೆಲಸ ಬಿಟ್ಟಿದ್ದ ಒಬ್ಬ ಹುಡುಗ ಬಂದು ಸಾಕ್ಷಿ ಹೇಳಿದ. ಅಲ್ಲೇ ಕೆಲಸದಲ್ಲಿದ್ದವರು ಬರಲಿಲ್ಲ. ಅವರ ಮೇಲೆ ನನಗೆ ಕೋಪ ಇಲ್ಲ, ಅವರಿಗೂ ಮನೆ ನಡೆಯಬೇಕು.

ಮಂಡ್ಯ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಆಲೆಮನೆಗಳಲ್ಲಿ ರಾತ್ರಿಯೆಲ್ಲ ಕಬ್ಬು ಅರೆಯುತ್ತಾರೆ, ನಿದ್ದೆಗಣ್ಣಿನಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಕೈ ಸಿಗುತ್ತದೆ, ಕುದಿಯುವ ಕೊಪ್ಪರಿಗೆ ಹತ್ತಿರ ಕಾಲು ಜಾರುತ್ತದೆ. 'ನಮ್ಮದೇನು ಫ್ಯಾಕ್ಟರೀನಾ, ನಾಲ್ಕು ಜನ ಇದ್ದೀವಿ' ಅನ್ನುತ್ತಾರೆ. ಬೆಲ್ಲ ಮಾಡುವುದೂ ತಯಾರಿಕೆಯೇ. ಕೂಲಿಗೆ ಬಂದವರು, ಸೀಸನ್‌ಗೆ ಬಂದವರು ಅಂತ ಹೊರಗಿಡುವ ಹಾಗಿಲ್ಲ, 2000ದಲ್ಲಿ ಆ ಮಾತನ್ನು ಕಾಯ್ದೆಯಿಂದಲೇ ತೆಗೆದಿದ್ದಾರೆ. ಉತ್ತರ ಪ್ರದೇಶದಿಂದ ಬಂದ ಹುಡುಗರು ಪೆಟ್ಟಾದರೆ ರೈಲು ಹತ್ತಿ ಊರಿಗೆ ಹೋಗಿಬಿಡುತ್ತಾರೆ. ಅವರು ತಮ್ಮ ಊರಿನಲ್ಲೇ ಕ್ಲೇಮ್ ಹಾಕಬಹುದು. ಗೊತ್ತಿರುವವರು ಅವರಿಗೆ ಹಿಂದಿಯಲ್ಲಿ ಒಂದು ಮಾತು ಹೇಳಿ. ನಂಜನಗೂಡು, ಮೈಸೂರಿನ ಹೆಬ್ಬಾಳ ಕಡೆ ಕಾಂಟ್ರ್ಯಾಕ್ಟರ್ ಕೈಕೆಳಗೆ ದುಡಿಯುವವರೂ ಕೇಳಿ, ಇಎಸ್‌ಐ ಇಲ್ಲದ ಕಡೆ ಕಾಂಟ್ರ್ಯಾಕ್ಟರ್ ಫೋನ್ ಸ್ವಿಚ್ ಆಫ್ ಮಾಡಿಕೊಂಡರೆ ಕೆಲಸ ಮಾಡಿಸಿದ ಕಂಪನಿಯೇ ಜವಾಬ್ದಾರಿ.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಪಘಾತ ಆದರೆ? ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರ, ಬೆಳಗಿನ ಜಾವ ಮೂರು ಗಂಟೆ ಡ್ಯೂಟಿಗೆ ಬೈಕಿನಲ್ಲಿ ಹೋಗುತ್ತಿದ್ದಾಗ 2003ರಲ್ಲಿ ತೀರಿಕೊಂಡರು. ಅದೂ ಕೆಲಸದ ಅಪಘಾತವೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಜುಲೈನಲ್ಲಿ. ಇಪ್ಪತ್ತೆರಡು ವರ್ಷ! 2025ರ ನವೆಂಬರ್ 21ರಿಂದ ಹಳೇ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ದಾರಿಯ ಅಪಘಾತದ ಮಾತು ಅದರಲ್ಲಿ ಬರೆದೇ ಇದೆ. ನಮ್ಮ ಅಣ್ಣನ ಹಾಗೆ ಹಳ್ಳಿಯಿಂದ ಬೈಕಿನಲ್ಲಿ ಶಿಫ್ಟ್‌ಗೆ ಹೋಗುವವರೆಲ್ಲ ಇದನ್ನು ನೆನಪಿಡಿ.

ವಕೀಲರ ಫೀಸಿಗೆ ಹೆದರಬೇಡಿ. ಕಾರ್ಖಾನೆ ಕಾರ್ಮಿಕರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಫೋನ್ ನಂಬರ್ 15100. ಅರ್ಜಿ ಎಲ್ಲಿ ಹಾಕಬೇಕು ಅನ್ನುವುದನ್ನೂ ಅಲ್ಲೇ ಹೇಳುತ್ತಾರೆ. ಮೊದಲು ಒಬ್ಬರು ನಮ್ಮ ಹತ್ತಿರ 'ಬಂದಿದ್ದರಲ್ಲಿ ಮೂವತ್ತು ಪರ್ಸೆಂಟ್ ನನಗೆ' ಅಂದಿದ್ದರು. ವಕೀಲರು ಹಾಗೆ ಪಾಲು ಕೇಳುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ನಮಗೆ ಪ್ರಾಧಿಕಾರ ಕೊಟ್ಟ ಮೇಡಂ ಒಂದು ವಾಯಿದೆಗೂ ತಪ್ಪಿಸಲಿಲ್ಲ. ಮೂರು ತಿಂಗಳಲ್ಲಿ ಮುಗಿಸಬೇಕು ಎಂದು ಕಾಯ್ದೆ ಹೇಳಿದ್ದು ಮೂರು ವರ್ಷ ಹಿಡಿಯಿತು, ಮೇವಿನ ಮೆಷಿನ್ನಿನ ಆ ಚೀಟಿಯಿಂದ. ಕೊನೆಗೆ 3,54,708 ಮತ್ತು ಬಡ್ಡಿ ಬಂತು.

ಅಣ್ಣ ಈಗ ಪ್ರೆಸ್ ಕೆಲಸಕ್ಕೆ ಹೋಗುವುದಿಲ್ಲ, ಊರಲ್ಲೇ ಅಂಗಡಿ ಇಟ್ಟಿದ್ದಾನೆ. ಹೋದ ವಾರ ರಾತ್ರಿ ಹತ್ತು ಗಂಟೆಗೆ ಅವನ ಫೋನ್ ಬಡಿದುಕೊಂಡಿತು. ಹಳೇ ಜೊತೆಗಾರನ ತಮ್ಮನಿಗೆ ಬೇರೆ ಕಡೆ ಕೈಗೆ ಪೆಟ್ಟಾಗಿದೆ, ಆಸ್ಪತ್ರೆಯಲ್ಲಿದ್ದಾರೆ. ಅಣ್ಣ ಗಲ್ಲಾದಿಂದ ಎದ್ದು ಹೊರಗೆ ಬಂದು ನಿಂತುಕೊಂಡ. ಎಷ್ಟು ಬೆರಳು, ಯಾವ ಆಸ್ಪತ್ರೆ ಅಂತ ಏನೂ ಕೇಳಲಿಲ್ಲ. 'ಚೀಟಿ ಕೈಲಿದೆಯಾ? ಓದು ನೋಡೋಣ, ಏನ್ ಬರೆದಿದ್ದಾರೆ' ಅಂದ.