ಉಸುಕಿನ ಗುಡ್ಡಿಯಿಂದ ಗೋಕರ್ಣದವರೆಗೆ

ನಮಸ್ಕಾರ. ಕಲಬುರಗಿಯಲ್ಲಿ ಕೂತು ಸಮುದ್ರದ ದಂಡೆಯಲ್ಲಿ ಕೋಟೆ ಕಟ್ಟೋದರ ಬಗ್ಗೆ ಮಾತಾಡಲು ಹೊರಟಿದ್ದೇನೆ, ನಗಬೇಡಿ. ನಮಗೂ ಸಮುದ್ರಕ್ಕೂ ನಡುವೆ ಒಂದು ಇಡೀ ರಾತ್ರಿಯ ಬಸ್ಸಿನ ದಾರಿ ಇದೆ, ನಿಜ. ಆದರೆ ಈ ವಿದ್ಯೆಯಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. ಓಣಿಯಲ್ಲಿ ಯಾರೇ ಮನೆ ಕಟ್ಟಿಸಲಿ, ಅವರ ಬಾಗಿಲ ಮುಂದೆ ಟ್ರ್ಯಾಕ್ಟರ್ ಸುರಿದು ಹೋದ ಉಸುಕಿನ ಗುಡ್ಡಿಯೇ ನಮ್ಮ ಬೀಚು. ಮರಳಿಗೆ ನಮ್ಮ ಕಡೆ ಉಸುಕು ಅಂತಲೇ ಅನ್ನೋದು, ಹಾಗಾಗಿ ನಾನೂ ಉಸುಕು ಅಂತಲೇ ಹೇಳುತ್ತೇನೆ.

ನಾನು ಚಿಕ್ಕವನಿದ್ದಾಗ ಭೀಮಾ ಹೊಳೆಯ ಉಸುಕು ಬರುತ್ತಿತ್ತು. ಶಾಲೆ ಬಿಟ್ಟ ಕೂಡಲೇ ಪಾಟಿಚೀಲ ಎಸೆದು ಗುಡ್ಡಿ ಏರುತ್ತಿದ್ದೆವು. ಬರಿಗಾಲನ್ನು ಒಳಗೆ ಹುಗಿದು, ಮೇಲೆ ಹಸಿ ಉಸುಕು ಹಾಕಿ ತಟ್ಟಿ ತಟ್ಟಿ, ಉಸಿರು ಬಿಗಿಹಿಡಿದು ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದರೆ ಗುಬ್ಬಿ ಮನೆ ತಯಾರು. ಒಮ್ಮೆ ನಿಲ್ಲುತ್ತಿತ್ತು, ಇನ್ನೊಮ್ಮೆ ಕುಸಿಯುತ್ತಿತ್ತು. ಯಾಕೆ ಅಂತ ತಿಳಿಯುತ್ತಿರಲಿಲ್ಲ. ಉಸುಕು ಚೆಲ್ಲಾಪಿಲ್ಲಿ ಮಾಡ್ತೀರಿ ಅಂತ ದಿನಾ ಬೈಯುತ್ತಿದ್ದ ಗೌಂಡಿ ಒಂದು ದಿನ ಏನನ್ನಿಸಿತೋ ಏನೋ, ಒಂದು ಹಿಡಿ ಉಸುಕು ತಗೊಂಡು, ಮುಷ್ಟಿ ಬಿಗಿದು, ಕೈ ಬಿಚ್ಚಿ ತೋರಿಸಿದ. ಬೆರಳಿನ ಗುರುತು ಸಮೇತ ಉಂಡಿ ಹಾಗೇ ನಿಂತಿತ್ತು. "ಹಿಂಗ ನಿಂತ್ರ ಮನಿ ನಿಂದ್ರತದ. ಉದುರಿದ್ರ ನೀರ್ ಹಾಕು. ಕೈಯಾಗಿಂದ ನೀರ್ ಸೋರಿದ್ರ ಸುಮ್ನ ಆರ್ಲಿಕ್ ಬಿಡು" ಅಂದ. ಮನೆಯಲ್ಲಿ ರವೆ ಉಂಡಿ ಕಟ್ಟುವಾಗ ಅವ್ವ ನೋಡುತ್ತಿದ್ದುದೂ ಇದನ್ನೇ ಅಲ್ವಾ?

ಗೌಂಡಿ ಹೇಳಿದ್ದು ಪೂರ್ತಿ ಸರಿ. ಒಣ ಉಸುಕಿನಲ್ಲಿ ಒಂದು ಕಾಳನ್ನು ಇನ್ನೊಂದಕ್ಕೆ ಹಿಡಿದಿಡುವುದು ಏನೂ ಇಲ್ಲ, ಸುರಿದರೆ ಇಳಿಜಾರಾಗಿ ಜಾರಿ ಕೂರುತ್ತದೆ, ಗೋಡೆಯ ಹಾಗೆ ನೆಟ್ಟಗೆ ನಿಲ್ಲಲ್ಲ. ಸ್ವಲ್ಪ ನೀರು ಬಿದ್ದರೆ ಕಾಳು ಕಾಳಿನ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ನೀರಿನ ಸೇತುವೆ ಹುಟ್ಟುತ್ತದೆ. ನೀರಿಗೆ ತನ್ನನ್ನು ತಾನೇ ಒಳಕ್ಕೆ ಎಳೆದುಕೊಳ್ಳುವ ಗುಣ ಇದೆಯಲ್ಲ, ಎಲೆಯ ಮೇಲಿನ ಹನಿ ದುಂಡಗೆ ನಿಲ್ಲುವುದು ಅದರಿಂದಲೇ, ಅದೇ ಎಳೆತ ಎರಡೂ ಕಾಳುಗಳನ್ನು ಹತ್ತಿರಕ್ಕೆ ಎಳೆದು ಹಿಡಿಯುತ್ತದೆ. ನೀರು ಜಾಸ್ತಿಯಾಗಿ ಸಂದುಗಳೆಲ್ಲ ತುಂಬಿದವೋ, ಸೇತುವೆಯೇ ಉಳಿಯಲ್ಲ. ಆಗ ಉಸುಕು ಅಂಬಲಿಯಂತೆ ಹರಿಯುತ್ತದೆ. ಇಂಗ್ಲೆಂಡಿನ ಒಬ್ಬ ವಿಜ್ಞಾನಿ ಲೆಕ್ಕ ಹಾಕಿ, 8 ಬಕೆಟ್ ಒಣ ಉಸುಕಿಗೆ 1 ಬಕೆಟ್ ನೀರು ಸಾಕು ಅಂದಿದ್ದಾರೆ. ನನಗೆ ಗೌಂಡಿಯ ಮುಷ್ಟಿಯ ಮೇಲೇ ಹೆಚ್ಚು ನಂಬಿಕೆ.

ಇಷ್ಟೆಲ್ಲ ಗೊತ್ತಿದ್ದೂ ಹೋದ ವರ್ಷ ದಸರಾ ರಜೆಯಲ್ಲಿ ಗೋಕರ್ಣದಲ್ಲಿ ಮಗಳ ಮುಂದೆ ಮಾನ ಕಳೆದುಕೊಂಡೆ. ಬಿಸಿಲಿಗೆ ಕಾದ ಒಣ ಉಸುಕಿನಲ್ಲೇ ಶುರು ಮಾಡಿದೆ, ಬಕೆಟ್ ಮಗುಚಿದ್ದೇ ತಡ, ಎಲ್ಲ ಗುಡ್ಡೆಯಾಗಿ ಹರಡಿತು. ನೀರಿನ ಹತ್ತಿರ ಹೋದರೆ ಅಲೆ ಬಂದು ಎತ್ತಿಕೊಂಡು ಹೋಯಿತು. ಕೊನೆಗೆ ಅಲೆ ಮುಟ್ಟಿದ ಗೆರೆಯಿಂದ ನಾಲ್ಕು ಹೆಜ್ಜೆ ಮೇಲೆ ಕೂತು ಅಗೆದೆವು. ಮೊಳದಷ್ಟು ಕೆಳಗೆ ತಣ್ಣನೆಯ ಹಸಿ ಉಸುಕು ಸಿಕ್ಕಿತು. ಅದನ್ನು ಬಕೆಟ್ಟಿಗೆ ಒಮ್ಮೆಲೇ ತುಂಬಬಾರದು. ನಾಲ್ಕು ಬೆರಳಿನಷ್ಟು ಹಾಕಿ ಗುದ್ದಿ, ಮತ್ತೆ ಹಾಕಿ ಗುದ್ದಿ, ಹೀಗೇ ತುಂಬಬೇಕು. ಬಕೆಟ್ಟಿನ ತಳ ಕತ್ತರಿಸಿದರೆ ಇನ್ನೂ ಒಳ್ಳೆಯದು, ಮಗುಚುವ ಕೆಲಸವೇ ಇಲ್ಲ, ಮೇಲಕ್ಕೆ ಎಳೆದರಾಯಿತು. ಆಮೇಲೆ ಕೆತ್ತನೆ, ಅದೂ ಮೇಲಿನಿಂದ ಕೆಳಕ್ಕೆ. ಮೊದಲು ಕೆಳಗೆ ಕೆತ್ತಿದರೆ ಮೇಲಿನ ಚೂರೆಲ್ಲ ಅದರ ಮೇಲೇ ಬೀಳುತ್ತದೆ. ನಮ್ಮ ಹತ್ತಿರ ಇದ್ದದ್ದು ಚಮಚ ಮತ್ತು ಐಸ್‌ಕ್ರೀಮಿನ ಕಡ್ಡಿ.

ಮಗಳಿಗೆ ನಮ್ಮೂರ ಕೋಟೆಯೇ ಬೇಕಿತ್ತು. ಕಂದಕ ತೋಡಿದಳು, ಐಸ್‌ಕ್ರೀಮ್ ಕಡ್ಡಿಯೇ ತೋಪಾಯಿತು. ಆಮೇಲೆ ಜಾಮಿ ಮಸೀದಿ ಅಂದಳು. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಆ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಮಾಡು, ಅದರ ಮೇಲೆ ಸಾಲು ಸಾಲು ಸಣ್ಣ ಗುಮ್ಮಟ. ಚಹಾದ ಕಾಗದದ ಕಪ್ಪಿನಲ್ಲಿ ಉಸುಕು ಒತ್ತಿ ಒಂದೊಂದೇ ಮಗುಚುತ್ತಾ ಹೋದೆವು, 11ನೇ ಗುಮ್ಮಟಕ್ಕೆ ಕಪ್ಪು ನೆನೆದು ಹರಿದುಹೋಯಿತು.

ಸಂಜೆ ಉಬ್ಬರ ಬಂತು. ಕಂದಕ ಕಾಪಾಡುತ್ತದೆ ಅಂತ ಅವಳ ನಂಬಿಕೆ. ಬೀದರ ಕೋಟೆಯ ಕಂದಕವನ್ನು ಬಂಡೆ ಕಡಿದು ಮಾಡಿದ್ದಾರೆ, ಅಲ್ಲಿ ನೀರು ನಿಂತರೂ ಗೋಡೆಗೆ ಏನೂ ಆಗಲ್ಲ. ಉಸುಕಿನ ಕೋಟೆಗೆ ಕಂದಕವೇ ಶತ್ರು. ಅದರಲ್ಲಿ ನಿಂತ ನೀರು ಗೋಡೆಯ ಬುಡಕ್ಕೆ ಹೀರಿ, ಬುಡ ಮೆತ್ತಗಾಗಿ, ಮೇಲಿನ ಭಾಗ ಒಣಗಿದ್ದ ಹಾಗೇ ಅಡ್ಡ ಬಿತ್ತು. ಅವಳು ಅಳಲಿಲ್ಲ. ತೋಪು ಮಾತ್ರ ಎತ್ತಿಕೊಂಡು ಬಂದಳು.

ಈಗ ನಮ್ಮ ಓಣಿಯಲ್ಲಿ ಮತ್ತೊಂದು ಮನೆ ಏಳುತ್ತಿದೆ. ಬಿದ್ದಿರುವುದು ಭೀಮೆಯ ಉಸುಕಲ್ಲ, ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್. ಬೂದಿ ಬಣ್ಣ, ಮುಟ್ಟಿದರೆ ಚೂಪು. ಚೂಪು ಕಾಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ ಗೋಡೆ ಚೆನ್ನಾಗೇ ನಿಲ್ಲುತ್ತದೆ, ಅಂಗೈ ಕೆಂಪಾಗುತ್ತದೆ ಅಷ್ಟೇ. ಮೊನ್ನೆ ಭಾನುವಾರ ಮಗಳು ತಳ ಕತ್ತರಿಸಿದ ಪೇಂಟ್ ಡಬ್ಬಿ ಹಿಡಿದು ಅದರ ಮೇಲೆ ಕೂತಳು. ಸೋಮವಾರ ಬೆಳಗ್ಗೆ ನೋಡಿದರೆ ಗೌಂಡಿ ಸುತ್ತಲಿನ ಉಸುಕೆಲ್ಲ ಬುಟ್ಟಿಗೆ ತುಂಬಿಸಿದ್ದಾನೆ, ನಡುವೆ ಕೋಟೆ ಒಂಟಿಯಾಗಿ ನಿಂತಿದೆ, ಮೇಲೊಂದು ಐಸ್‌ಕ್ರೀಮ್ ಕಡ್ಡಿ. ಯಾಕಪ್ಪಾ ಅಂದೆ. "ಇರ್ಲಿ ಬಿಡ್ರಿ ಸರ, ಅದು ಕಡೀಕ್ ತಗೊಂಡ್ರಾತು" ಅಂದ.