ಬಣ್ಣದ ಚಿತ್ರದ ಹಿಂದಿನ ಮಿದುಳು

ಕೇಳುಗರೇ, ನಮಸ್ಕಾರ.

ಬೂದುಬಣ್ಣದ ಮಿದುಳು, ಅದರ ಮೇಲೆ ಅಲ್ಲಲ್ಲಿ ಕೆಂಪು, ಹಳದಿ ಕಲೆಗಳು, ಕೆಳಗೆ ‘ಭಯ ಹುಟ್ಟುವುದು ಇಲ್ಲೇ’ ಎಂಬಂಥ ಒಂದು ಸಾಲು. ಪತ್ರಿಕೆಗಳಲ್ಲಿ ಇಂಥ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಯಾರೋ ಯೋಚನೆಯ ಫೋಟೊವನ್ನೇ ತೆಗೆದುಬಿಟ್ಟಿದ್ದಾರೆ ಅನ್ನಿಸುತ್ತದೆ. ಆದರೆ ಅದು ಫೋಟೊ ಅಲ್ಲ. ಯೋಚನೆಯನ್ನು ನೇರವಾಗಿ ಅಳೆಯುವ ಯಂತ್ರ ಇನ್ನೂ ಬಂದಿಲ್ಲ. ನರಕೋಶಗಳು ಕೆಲಸ ಮಾಡುವಾಗ ಉಳಿಸುವ ಕುರುಹುಗಳು ಮಾತ್ರ ನಮ್ಮ ಕೈಗೆ ಸಿಗುತ್ತವೆ. ಯಾವ ಕುರುಹನ್ನು ಹಿಡಿದಿದ್ದೇವೆ ಎಂದು ತಿಳಿಯದೆ ಚಿತ್ರವನ್ನು ಓದಲು ಹೋದರೆ ದಾರಿ ತಪ್ಪುತ್ತೇವೆ.

ಮೊದಲು ಸಿಕ್ಕ ಕುರುಹು ವಿದ್ಯುತ್ತು. ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ಪ್ರಕಟಿಸಿದ್ದು 1929ರಲ್ಲಿ. ಆಗಲೂ ಬಹಳ ಮಂದಿ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಪ್ರಯೋಗ ಮಾಡಿ ತೋರಿಸಿದ ಮೇಲೆಯೇ ಅನುಮಾನ ಕರಗಿದ್ದು.

ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಈ ಪರೀಕ್ಷೆಗೆ ಇಇಜಿ ಎಂದು ಹೆಸರು. ಆ ಪ್ರಯೋಗವನ್ನು ಇವತ್ತು ಯಾವುದೇ ಇಇಜಿ ಕೋಣೆಯಲ್ಲಿ ನೋಡಬಹುದು. ತಲೆಯ ಮೇಲೆ ಎಲೆಕ್ಟ್ರೋಡುಗಳನ್ನು ಅಂಟಿಸಿ, ಕಣ್ಣು ಮುಚ್ಚಿ ಎನ್ನುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ತಲೆಯ ಹಿಂಭಾಗದಿಂದ ಸೆಕೆಂಡಿಗೆ 8ರಿಂದ 13ರಷ್ಟು ಅಲೆಗಳು ಒಂದೇ ಲಯದಲ್ಲಿ ಏರಿಳಿಯತೊಡಗುತ್ತವೆ. ಇವೇ ಆಲ್ಫಾ ಅಲೆಗಳು. ಕಣ್ಣು ತೆರೆದರೆ ಸಾಕು, ಹೆಚ್ಚಿನವರಲ್ಲಿ ಆ ಲಯ ಮುರಿದು ಗೆರೆ ಚಪ್ಪಟೆಯಾಗುತ್ತದೆ. ಅಳೆಯುತ್ತಿರುವುದು ಎಷ್ಟು ಸಣ್ಣದು ಗೊತ್ತೇ? ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವು ಹತ್ತು ಪಾಲು, ಅಷ್ಟೇ. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಅದಕ್ಕಿಂತ ದೊಡ್ಡ ಗೀಟು ಬೀಳುತ್ತದೆ. ಅದಕ್ಕೇ ತಂತ್ರಜ್ಞರು ದವಡೆ ಸಡಿಲ ಬಿಡಿ, ಅಲುಗಾಡಬೇಡಿ ಎಂದು ಮತ್ತೆ ಮತ್ತೆ ಹೇಳುವುದು.

ಇಇಜಿಯ ಶಕ್ತಿ ಅದರ ವೇಗದಲ್ಲಿದೆ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಆದ ಬದಲಾವಣೆಯೂ ಅದಕ್ಕೆ ಸಿಗುತ್ತದೆ. ಅಪಸ್ಮಾರ ಮತ್ತು ನಿದ್ರೆಯ ಅಧ್ಯಯನಕ್ಕೆ ಇಂದಿಗೂ ಅದೇ ಆಧಾರ. ಆದರೆ ತಲೆಬುರುಡೆ ದಾಟಿ ಬರುವಷ್ಟರಲ್ಲಿ ವಿದ್ಯುತ್ ಹರಡಿಹೋಗಿರುತ್ತದೆ. ಎಲ್ಲಿಂದ ಹೊರಟಿತು ಎಂದು ಖಚಿತವಾಗಿ ಹೇಳುವುದು ಕಷ್ಟ. ಅದೇ ವಿದ್ಯುತ್ತಿನ ಕಾಂತಕ್ಷೇತ್ರವನ್ನು ಅಳೆಯುವ ಎಂಇಜಿ ಈ ವಿಷಯದಲ್ಲಿ ಎಷ್ಟೋ ಮೇಲು. ಆ ಕ್ಷೇತ್ರ ಮಾತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಕೋಟಿಗಟ್ಟಲೆ ಪಟ್ಟು ದುರ್ಬಲ, ಹಾಗಾಗಿ ಹೊರಗಿನ ಕಾಂತಪ್ರಭಾವ ಒಳಬರದಂಥ ವಿಶೇಷ ಕೋಣೆಯೇ ಬೇಕು.

ಈಗ ಬಣ್ಣದ ಚಿತ್ರಕ್ಕೆ ಬರೋಣ. ಅದು ಸಾಮಾನ್ಯವಾಗಿ ಎಫ್ಎಂಆರ್‌ಐ ಕೊಡುವ ಚಿತ್ರ. ಬಲವಾದ ಕಾಂತಕ್ಷೇತ್ರ ಬಳಸಿ, ದುಡಿಯುತ್ತಿರುವ ಮಿದುಳನ್ನು ಚಿತ್ರಿಸುವ ವಿಧಾನ ಇದು, ಇದು ನೋಡುವುದು ರಕ್ತವನ್ನು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೂ ಅದನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನಿಗೂ ಕಾಂತಗುಣದಲ್ಲಿ ವ್ಯತ್ಯಾಸವಿದೆ. ಈ ವ್ಯತ್ಯಾಸವನ್ನೇ ಬಳಸಿ ಮಿದುಳಿನ ಚಟುವಟಿಕೆಯ ಸುಳಿವು ಹಿಡಿಯಬಹುದೆಂದು 1990ರಲ್ಲಿ ಸೈಜಿ ಒಗಾವಾ ಮತ್ತು ಸಂಗಡಿಗರು ತೋರಿಸಿದರು. ಒಂದು ಭಾಗದ ನರಕೋಶಗಳು ದುಡಿದಾಗ ಅಲ್ಲಿಗೆ ಬೇಕಾದದ್ದಕ್ಕಿಂತ ಹೆಚ್ಚು ರಕ್ತ ನುಗ್ಗುತ್ತದೆ. ಆದರೆ ತಕ್ಷಣ ಅಲ್ಲ, ಅದು ಏರಿ ತುದಿ ಮುಟ್ಟಲು ಸುಮಾರು ಐದು ಸೆಕೆಂಡು ಬೇಕು. ಅಷ್ಟರಲ್ಲಿ ಯೋಚನೆ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಚಿತ್ರದ ಒಂದೊಂದು ಚುಕ್ಕೆಯಲ್ಲೂ ಲಕ್ಷಗಟ್ಟಲೆ ನರಕೋಶಗಳು ಇರುತ್ತವೆ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯ. ಆ ಬಣ್ಣ ವ್ಯತ್ಯಾಸದ ಬಣ್ಣ. ಇಪ್ಪತ್ತು ಸೆಕೆಂಡು ಬೆರಳು ಆಡಿಸು, ಇಪ್ಪತ್ತು ಸೆಕೆಂಡು ಸುಮ್ಮನಿರು ಎನ್ನುತ್ತಾರೆ. ಹೀಗೆ ಹಲವು ಸಲ. ಎರಡರ ನಡುವಿನ ವ್ಯತ್ಯಾಸವನ್ನು ಲೆಕ್ಕಹಾಕುತ್ತಾರೆ. ಬಂದ ವ್ಯತ್ಯಾಸ ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರ ಹೇಳಿದ ಕಡೆ ಮಾತ್ರ ಬಣ್ಣ ಬಳಿಯುತ್ತಾರೆ. ಬಣ್ಣವಿಲ್ಲದ ಜಾಗ ಮಲಗಿದೆ ಎಂದಲ್ಲ. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡ 2, ಆದರೆ ವಿಶ್ರಾಂತಿಯಲ್ಲೂ ಅದು ಸುಮಾರು ಶೇಕಡ 20ರಷ್ಟು ಶಕ್ತಿಯನ್ನು ಬಳಸುತ್ತದೆ. ಕಷ್ಟದ ಲೆಕ್ಕ ಬಿಡಿಸಲು ಕುಳಿತರೂ ಆ ಖರ್ಚು ಹೆಚ್ಚುವುದು ತೀರ ಸ್ವಲ್ಪ. ಮಿದುಳಿನ ಹತ್ತನೇ ಒಂದು ಭಾಗವನ್ನಷ್ಟೇ ಬಳಸುತ್ತೇವೆ ಎಂಬ ಮಾತಿಗೆ ಬುಡವೇ ಇಲ್ಲ.

ಲೆಕ್ಕ ಸಡಿಲವಾದರೆ ಏನಾಗುತ್ತದೆ ಎನ್ನುವುದಕ್ಕೆ 2009ರ ಒಂದು ಪ್ರಯೋಗ ಸಾಕ್ಷಿ. ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿದರು. ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಕೆಲವು ಚುಕ್ಕೆಗಳಲ್ಲಿ ಬರೀ ಆಕಸ್ಮಿಕವಾಗಿಯೇ ವ್ಯತ್ಯಾಸ ಕಾಣುತ್ತದೆ. ಅದಕ್ಕಾಗಿ ಮಾಡಲೇಬೇಕಾದ ತಿದ್ದುಪಡಿಯನ್ನು ಬಿಟ್ಟು ಲೆಕ್ಕಹಾಕಿದರೆ ಸತ್ತ ಮೀನಿನ ಮಿದುಳಿನಲ್ಲೂ ‘ಚಟುವಟಿಕೆ’ ಕಂಡಿತು. ತಿದ್ದುಪಡಿ ಮಾಡಿದೊಡನೆ ಅದು ಮಾಯ.

ಇಷ್ಟೆಲ್ಲ ಮಿತಿಗಳಿದ್ದರೂ ಈ ವಿಧಾನಗಳ ಮೇಲೆ ನನಗೆ ಅಪಾರ ಗೌರವ, ಅದಕ್ಕೆ ಕಾರಣವಿದೆ. 2006ರಲ್ಲಿ ಬ್ರಿಟನ್ನಿನ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು, ರಸ್ತೆ ಅಪಘಾತದ ಬಳಿಕ ಹೊರಗಿನ ಯಾವ ಕರೆಗೂ ಸ್ಪಂದಿಸದೆ ಇದ್ದ 23 ವರ್ಷದ ಯುವತಿಯನ್ನು ಎಫ್ಎಂಆರ್‌ಐ ಯಂತ್ರದಲ್ಲಿ ಮಲಗಿಸಿದರು. ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಿ ಎಂದರು. ಚಲನೆಯನ್ನು ಯೋಜಿಸುವ ಭಾಗ ಚುರುಕಾಯಿತು. ನಿಮ್ಮ ಮನೆಯ ಕೋಣೆಗಳಲ್ಲಿ ಓಡಾಡುವಂತೆ ಕಲ್ಪಿಸಿಕೊಳ್ಳಿ ಎಂದಾಗ, ಜಾಗಗಳನ್ನು ಗುರುತಿಸುವ ಬೇರೆ ಭಾಗಗಳು. ಆರೋಗ್ಯವಂತರಲ್ಲೂ ಅದೇ ವಿನ್ಯಾಸ. ಅರಿವೇ ಇಲ್ಲ ಎಂದು ವೈದ್ಯರು ತೀರ್ಮಾನಿಸಿದ್ದ ಆಕೆ ಮಾತು ಕೇಳಿಸಿಕೊಂಡು, ಅರ್ಥಮಾಡಿಕೊಂಡು, ಹೇಳಿದಂತೆ ನಡೆದುಕೊಂಡಿದ್ದರು. ಇಂಥ ಪರೀಕ್ಷೆಯಲ್ಲಿ ಉತ್ತರ ಬಂದರೆ ಒಳಗೆ ಅರಿವಿದೆ ಎನ್ನಬಹುದು. ಬಾರದಿದ್ದರೆ ಅರಿವಿಲ್ಲ ಎನ್ನುವಂತಿಲ್ಲ. ರೋಗಿ ಆ ಹೊತ್ತಿಗೆ ನಿದ್ರೆಯಲ್ಲಿರಬಹುದು, ಕಿವಿ ಕೇಳಿಸದಿರಬಹುದು. ಹಾಗಾಗಿ ಇಂಥವರನ್ನು ಬೇರೆ ಬೇರೆ ಹೊತ್ತಿನಲ್ಲಿ, ಹಾಸಿಗೆಯ ಪಕ್ಕಕ್ಕೇ ಒಯ್ಯಬಹುದಾದ ಇಇಜಿಯಿಂದಲೂ, ಮತ್ತೆ ಮತ್ತೆ ಪರೀಕ್ಷಿಸಬೇಕು.

ನಮಸ್ಕಾರ.