ಭಾಷೆ ಕಲೀರಿ ಅನ್ನೋರು ಕಲಿಸೋಕೂ ರೆಡಿ ಇರ್ಬೇಕು

ಎಲ್ರಿಗೂ ನಮಸ್ಕಾರ. ವಲಸೆ, ಭಾಷೆ, ಸಂಸ್ಕೃತಿ ಅಂತ ಮೂರೂ ಹಾಕಿದಾರೆ ಇವತ್ತಿನ ವಿಷಯಕ್ಕೆ, ಮೂರನ್ನೂ ಹಿಡಿಯೋಕೆ ಹೋದ್ರೆ ರಾತ್ರಿ ಆಗುತ್ತೆ, ಅದಕ್ಕೆ ನಾನು ಭಾಷೆ ಹಿಡ್ಕೊಂಡು ಹೋಗ್ತೀನಿ, ಜಗಳ ಶುರುವಾಗೋದೂ ಹೆಚ್ಚಾಗಿ ಅಲ್ಲಿಂದಾನೇ ಅಲ್ವಾ.

"ಬಂದೋರು ನಮ್ಮ ಭಾಷೆ ಕಲಿಯಲ್ಲ, ಅವರವರೇ ಗುಂಪು ಕಟ್ಕೊಂಡು ಇದ್ಬಿಡ್ತಾರೆ." ಈ ದೂರು ಹೊಸದೇನಲ್ಲ. 1751ರಲ್ಲೇ, ಆಮೇಲೆ ಅಮೆರಿಕ ದೇಶ ಕಟ್ಟಿದೋರಲ್ಲಿ ಒಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್, ಅಲ್ಲಿನ ಪೆನ್ಸಿಲ್ವೇನಿಯಾಕ್ಕೆ ಬಂದು ತುಂಬ್ಕೊಂಡಿದ್ದ ಜರ್ಮನ್ನರ ಬಗ್ಗೆ ಇದನ್ನೇ ಬರೆದಿದ್ರು, ಇವರು ನಮ್ಮ ಥರ ಆಗೋ ಬದಲು ನಮ್ಮನ್ನೇ ಜರ್ಮನ್ನರಾಗಿ ಮಾಡ್ಬಿಡ್ತಾರೆ ಅಂತ. ಆಮೇಲೆ ಏನಾಯ್ತು? ಜರ್ಮನ್ ಮೂಲದೋರು ಇವತ್ತು ಅಮೆರಿಕದಲ್ಲಿ ಕೋಟಿಗಟ್ಲೆ ಇದಾರೆ, ಹಳೇ ಕಾಲದ ಥರಾನೇ ಬದುಕೋ ಆಮಿಶ್ ಕ್ರೈಸ್ತರ ಥರದ ಸಮುದಾಯಗಳನ್ನ ಬಿಟ್ರೆ ಮನೇಲಿ ಜರ್ಮನ್ ಮಾತಾಡೋ ಕುಟುಂಬ ಹುಡುಕಬೇಕು. ಸಾಮಾನ್ಯವಾಗಿ ಆಗೋದೇ ಹೀಗೆ, ಬಂದೋರು ತಡವರಿಸ್ತಾರೆ, ಮಕ್ಕಳು ಎರಡೂ ಆಡ್ತಾರೆ, ಮೊಮ್ಮಕ್ಕಳಿಗೆ ಅಜ್ಜಿ ಮಾತು ಅರ್ಥ ಆಗಲ್ಲ. ಮೂರು ತಲೆಮಾರು ಸಾಕು.

ಆದ್ರೆ ಅಷ್ಟು ಕಾಯೋಕೆ ರಾಜಕೀಯಕ್ಕೆ ತಾಳ್ಮೆ ಇಲ್ಲ. ಮೊದಲ ಮಹಾಯುದ್ಧದ ಟೈಮಲ್ಲಿ, 1918ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಗವರ್ನರ್ ಹಾರ್ಡಿಂಗ್ ಅನ್ನೋರು ರೈಲಲ್ಲಿ, ಫೋನಲ್ಲಿ, ಚರ್ಚಲ್ಲಿ ಕೂಡ ಇಂಗ್ಲಿಷೇ ಆಗ್ಬೇಕು ಅಂತ ಆದೇಶ ಹೊರಡಿಸಿದ್ರು. ಮರುವರ್ಷ ಪಕ್ಕದ ನೆಬ್ರಾಸ್ಕಾ ರಾಜ್ಯದಲ್ಲಿ, ಎಂಟನೇ ಕ್ಲಾಸ್ ಪಾಸಾಗೋ ತನಕ ಮಕ್ಕಳಿಗೆ ಬೇರೆ ಭಾಷೆ ಕಲಿಸಂಗಿಲ್ಲ ಅಂತ ಕಾನೂನೇ ಬಂತು. ರಾಬರ್ಟ್ ಮೇಯರ್ ಅನ್ನೋ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್‌ನಲ್ಲಿ ಬೈಬಲ್ ಕತೆ ಓದಿಸಿದ್ದಕ್ಕೆ 25 ಡಾಲರ್ ದಂಡ. 1923ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು, ಆದ್ರೆ ಅಷ್ಟರಲ್ಲಿ ಎಷ್ಟೋ ಶಾಲೆಗಳಲ್ಲಿ ಜರ್ಮನ್ ಪಾಠ ನಿಂತೇ ಹೋಗಿತ್ತು.

ಇನ್ನು ಆಸ್ಟ್ರೇಲಿಯಾ. ಅಲ್ಲಿ 1901ರಿಂದ 1958ರ ತನಕ ಡಿಕ್ಟೇಶನ್ ಟೆಸ್ಟ್ ಅಂತ ಇತ್ತು, ಅಧಿಕಾರಿ ಓದಿದ್ದನ್ನ ಬರೀಬೇಕು, ಯಾವ ಯೂರೋಪಿಯನ್ ಭಾಷೆ ಅಂತ ಅಧಿಕಾರಿನೇ ಡಿಸೈಡ್ ಮಾಡ್ತಾನೆ, ಅಂದ್ರೆ ಬೇಡ ಅನ್ಸಿದೋರನ್ನ ಫೇಲ್ ಮಾಡೋಕೆ ಅಂತಾನೇ ಇದ್ದ ಪರೀಕ್ಷೆ ಅದು, ಬಿಳಿಯರಲ್ಲದೋರನ್ನ ಹೊರಗಿಡೋದು ಅದರ ಮುಖ್ಯ ಕೆಲಸ. 1934ರಲ್ಲಿ ಎಗಾನ್ ಕಿಶ್ ಅನ್ನೋ ಎಡಪಂಥೀಯ ಪತ್ರಕರ್ತನಿಗೆ ಸುಮಾರು ಭಾಷೆ ಬರುತ್ತೆ ಅಂತ ಗೊತ್ತಾಗಿ ಸ್ಕಾಟ್ಲೆಂಡಲ್ಲಿ ಕೆಲವೇ ಜನ ಆಡೋ ಸ್ಕಾಟಿಷ್ ಗೇಲಿಕ್‌ನಲ್ಲಿ ಕೊಟ್ರು! ಆ ಕಾನೂನಿನ ಅರ್ಥದಲ್ಲಿ ಅದು ಯೂರೋಪಿಯನ್ ಭಾಷೆನೇ ಅಲ್ಲ ಅಂತ ಹೈಕೋರ್ಟ್ ಹೇಳ್ತು, ಕಿಶ್ ಗೆದ್ದ. ಸ್ಕಾಟ್ಲೆಂಡ್ ಮೂಲದೋರಿಗೆ ಕೋಪ ಬಂತು, ಅದು ಬೇರೆ ಕತೆ.

ನಾನು ಜಾಸ್ತಿ ಹೇಳ್ಬೇಕು ಅಂತಿರೋದು ಜರ್ಮನಿ ಬಗ್ಗೆ. 1955ರಲ್ಲಿ ಇಟಲಿ ಜೊತೆ, 1961ರಲ್ಲಿ ಟರ್ಕಿ ಜೊತೆ ಒಪ್ಪಂದ ಮಾಡ್ಕೊಂಡು ಕಾರ್ಖಾನೆಗಳಿಗೆ ಜನ ಕರೆಸಿದ್ರು. ಬರ್ತಾರೆ, ದುಡೀತಾರೆ, ಹೋಗ್ತಾರೆ ಅನ್ನೋ ಲೆಕ್ಕ, ಹೋಗೋರಿಗೆ ಭಾಷೆ ಯಾಕೆ ಕಲಿಸ್ಬೇಕು? 1973ರಲ್ಲಿ ನೇಮಕಾತಿ ನಿಲ್ಸಿದ್ರು, ಹೋದ್ರೆ ವಾಪಸ್ ಬರೋಕಾಗಲ್ಲ ಅಂತ ಜನ ಅಲ್ಲೇ ಉಳಿದು ಹೆಂಡ್ತಿ ಮಕ್ಕಳನ್ನ ಕರೆಸ್ಕೊಂಡ್ರು. ವಲಸೆ ಬಂದೋರಿಗೆ ಭಾಷೆ, ಸಮಾಜದ ಬಗ್ಗೆ ಕಲಿಸೋ ಇಂಟಿಗ್ರೇಶನ್ ಕೋರ್ಸ್ ಅಂತ ದೇಶವ್ಯಾಪಿಯಾಗಿ ಸರ್ಕಾರದಿಂದ ಶುರುವಾಗಿದ್ದು ಯಾವಾಗ ಗೊತ್ತಾ, 2005ರಲ್ಲಿ! ಟರ್ಕಿ ಒಪ್ಪಂದ ಆಗಿ 44 ವರ್ಷ ಆದ್ಮೇಲೆ. ಅಷ್ಟೊತ್ತಿಗೆ ಮೊದಲು ಬಂದೋರು ರಿಟೈರ್ ಆಗಿದ್ರು, ಟಿವಿ ಡಿಬೇಟಲ್ಲಿ ಮಾತ್ರ "ಇಷ್ಟು ವರ್ಷ ಇದ್ದೂ ಜರ್ಮನ್ ಬರಲ್ಲ" ಅಂತ ಬೈಸ್ಕೊಳ್ತಾ ಇದ್ರು. ಈಗ ಮಾಮೂಲಿ ಕೋರ್ಸ್ ಅಂದ್ರೆ 600 ಗಂಟೆ ಭಾಷೆ, 100 ಗಂಟೆ ಕಾನೂನು, ಇತಿಹಾಸ, ಸಮಾಜ. ನನ್ನ ಪ್ರಕಾರ ಕಡ್ಡಾಯ ಮಾಡೋದು ತಪ್ಪಲ್ಲ, ಆದ್ರೆ ಕ್ಲಾಸ್ ಇಲ್ದೆ ಬರೀ ಪರೀಕ್ಷೆ ಇಡೋದು ಮೋಸ. ರಾತ್ರಿಪಾಳಿ ಮಾಡೋ ಹೆಂಗಸು ಬೆಳಗ್ಗೆ ಕ್ಲಾಸಿಗೆ ಹೋದ್ರೆ ಮಗು ನೋಡ್ಕೊಳ್ಳೋರು ಯಾರು? ಕೊನೆಗೆ ಆಸ್ಪತ್ರೇಲಿ ಅಮ್ಮನ ಕಾಯಿಲೆನ ಡಾಕ್ಟರ್ ಬಾಯಿಂದ ಕೇಳಿ ಅಮ್ಮಂಗೆ ಹೇಳೋ ಕೆಲಸ ಶಾಲೆಗೆ ಹೋಗೋ ಮಗುವಿನ ತಲೆ ಮೇಲೆ ಬೀಳುತ್ತೆ.

ಹಾಗಂತ ಸ್ಥಳೀಯರ ಭಯ ಎಲ್ಲಾ ಸುಳ್ಳು ಅಂತ ನಾನು ಹೇಳ್ತಿಲ್ಲ. ಇಂಗ್ಲಿಷಿಗೆ ಅಪಾಯ ಅನ್ನೋರ ಮಾತು ನಂಗೆ ನಗು ತರ್ಸುತ್ತೆ, ಕೆನಡಾದಲ್ಲಿ ಫ್ರೆಂಚ್ ಆಡೋ ಪ್ರಾಂತ್ಯ ಕ್ವಿಬೆಕ್‌ನೋರ ಮಾತು ತರ್ಸಲ್ಲ. ಸುತ್ತಲೂ ಇಂಗ್ಲಿಷ್ ಸಮುದ್ರ, ವಲಸೆ ಬಂದೋರ ಮಕ್ಕಳು ಹೆಚ್ಚಿನೋರು ಇಂಗ್ಲಿಷ್ ಶಾಲೆಗೇ ಹೋಗ್ತಿದ್ರು. 1977ರಲ್ಲಿ 101ನೇ ಮಸೂದೆ ಅನ್ನೋ ಭಾಷಾ ಕಾನೂನು ಬಂದು, ಆಮೇಲೆ ವಲಸೆ ಬಂದೋರ ಮಕ್ಕಳು ಹೆಚ್ಚಿನೋರು ಫ್ರೆಂಚ್ ಶಾಲೆಗೆ ಹೋಗ್ಬೇಕಾಯ್ತು. ತಂದೆತಾಯಿಗೆ ಆಯ್ಕೆ ಹೋಯ್ತು, ನಿಜ, ಆದ್ರೆ ಅಲ್ಲಿ ಮಕ್ಕಳಿಗೆ ಶಾಲೆ ಇತ್ತು, ಮೇಷ್ಟ್ರಿದ್ರು, ನೆಬ್ರಾಸ್ಕಾಗೂ ಇದಕ್ಕೂ ಇರೋ ವ್ಯತ್ಯಾಸ ಅದು, ಒಂದು ಕಡೆ ಕಲಿಸಿದ್ರು, ಇನ್ನೊಂದು ಕಡೆ ಕಲಿಸಿದ್ದಕ್ಕೇ ಶಿಕ್ಷೆ ಕೊಟ್ರು.

ಸಂಸ್ಕೃತಿ ವಿಷಯಕ್ಕೆ ಬಂದ್ರೆ ನಾನು ಇಷ್ಟು ಧೈರ್ಯವಾಗಿ ಮಾತಾಡಲ್ಲ. ಹೊಸ ಭಾಷೆ ಕಲಿಯೋಕೆ ಹಳೇದನ್ನ ಬಿಡ್ಬೇಕಿಲ್ಲ, ಬಟ್ಟೆ, ಧರ್ಮದ ವಿಷಯದಲ್ಲಿ ಒಂದನ್ನ ಬಿಡು ಅಂತಾನೇ ಕೇಳ್ತಾರೆ, 2004ರಲ್ಲಿ ಫ್ರಾನ್ಸ್ ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣೋ ಧಾರ್ಮಿಕ ಚಿಹ್ನೆ ಬ್ಯಾನ್ ಮಾಡಿದ್ದು ಆ ಥರ. ಡೆನ್ಮಾರ್ಕ್ ಅಂತೂ ಪೌರತ್ವ ಬೇಕಂದ್ರೆ ಸಮಾರಂಭದಲ್ಲಿ ಕೈ ಕುಲುಕಲೇಬೇಕು ಅಂತ 2018ರಲ್ಲಿ ಕಾನೂನು ಮಾಡ್ತು, 2020ರಲ್ಲಿ ಕೊರೊನಾ ಬಂದು ಯಾರೂ ಯಾರ ಕೈನೂ ಮುಟ್ಟೋ ಹಾಗಿಲ್ಲ ಅಂತಾದಾಗ ಆ ಸಮಾರಂಭಗಳೇ ಸ್ವಲ್ಪ ಕಾಲ ನಿಂತ್ಹೋದ್ವು. ಈ ಬಗ್ಗೆ ನಿಮ್ಮಲ್ಲಿ ಜಗಳ ಇದ್ದೇ ಇರುತ್ತೆ, ಮೈಕ್ ಆ ಕಡೆ ಕೊಡಿ, ಕೇಳಿ.